ಆಯ್ಕೆಯ ತಕ್ಕಡಿಗೆ ಎರಡು ಕಲ್ಲೇಕೆ?

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸಿ ಹೇಳುತ್ತದೆ. ಅವುಗಳಲ್ಲಿ ನಾಲ್ಕನೆಯದು ‘ಹೀನಾಧಿಕ ಮಾನೋನ್ಮಾನ’. ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಚಿಕ್ಕ ಅಳತೆ. ಹೀಗೆ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಂಡು ವ್ಯವಹರಿಸುವವನು ಯಾರ ಮನೆಯ ಗೋಡೆಯನ್ನೂ ಕೊರೆಯದಿದ್ದರೂ ಚೌರ್ಯದ ದೋಷಕ್ಕೆ ಪಾತ್ರನಾಗುತ್ತಾನೆ ಎಂಬುದು ಇದರ ತಾತ್ಪರ್ಯ. ವ್ಯಾಪಾರವನ್ನು ಜೀವನೋಪಾಯವಾಗಿ ಉಳ್ಳ ನಮ್ಮ ಗೃಹಸ್ಥರಿಗೆ ಈ ಮಾತು ಹೊಸದಲ್ಲ. ರಾಯಚೂರಿನ ಗಂಜಿನಲ್ಲಿ ಹತ್ತಿಯನ್ನೋ ಭತ್ತವನ್ನೋ ತೂಗುವಾಗ ರೈತನ ಮುಖ ನೋಡಿ ಕಲ್ಲು ಬದಲಿಸುವ ಅಂಗಡಿಕಾರನಿಗೆ ನಾವು ಮರ್ಯಾದೆ ಕೊಡುವುದಿಲ್ಲ. ಆದರೆ ಮಕ್ಕಳ ಶ್ರಮವನ್ನೂ ಕಲೆಯನ್ನೂ ತೂಗುವ ತಕ್ಕಡಿಯಲ್ಲಿ ಕಲ್ಲು ಬದಲಾದಾಗ ಮಾತ್ರ ‘ಅದು ಆಯ್ಕೆದಾರರ ವಿವೇಚನೆ’ ಎಂದು ಸುಮ್ಮನಾಗುತ್ತೇವೆ. ಈ ಸುಮ್ಮನಿರುವಿಕೆಯ ವಿರುದ್ಧ ಕೆಲವು ಮಾತುಗಳನ್ನು ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕಾಗಿ ಆರಿಸಿಕೊಂಡ ಉದಾಹರಣೆ ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಅದು ಫಿಗರ್ ಸ್ಕೇಟಿಂಗ್ ಎಂಬ ಕ್ರೀಡೆಯ ರಾಷ್ಟ್ರೀಯ ತಂಡದ ಆಯ್ಕೆ. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತು ಡಿಗ್ರಿಯನ್ನು ದಾಟುವ ರಾಯಚೂರಿಗೂ ಮಂಜುಗಡ್ಡೆಯ ಮೇಲೆ ನರ್ತಿಸುವ ಆಟಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದಾಗಿ, ಇದೇ ಕಲೆ ಗಾಲಿಗಳ ಮೇಲೂ ಉಂಟು. ನಯವಾದ ನೆಲವೊಂದಿದ್ದರೆ ಸಾಕು, ಮಾನ್ವಿಯ ಮಗುವೂ ಅದನ್ನು ಅಭ್ಯಾಸ ಮಾಡಬಹುದು. ಎರಡನೆಯದಾಗಿ, ಓಟದಲ್ಲಿ ಗಡಿಯಾರವಿದೆ, ಜಿಗಿತದಲ್ಲಿ ಅಳತೆಪಟ್ಟಿಯಿದೆ. ಈ ಕ್ರೀಡೆಯಲ್ಲಿ ಮನುಷ್ಯನ ಕಣ್ಣೇ ಗಡಿಯಾರ, ಅವನ ಮನಸ್ಸೇ ಅಳತೆಪಟ್ಟಿ. ಆದುದರಿಂದ ಆಯ್ಕೆಯ ನ್ಯಾಯಾನ್ಯಾಯಗಳು ಬೇರೆಡೆ ಮುಚ್ಚಿಹೋಗುವಂತೆ ಇಲ್ಲಿ ಮುಚ್ಚಿಹೋಗುವುದಿಲ್ಲ. ರೋಗವನ್ನು ಅರಿಯಬೇಕಾದರೆ ಅದರ ಲಕ್ಷಣ ಸ್ಪಷ್ಟವಾಗಿ ಕಾಣುವ ಅಂಗವನ್ನೇ ಪರೀಕ್ಷಿಸಬೇಕಲ್ಲವೆ?

ಈ ಆಟದ ಹೆಸರಿನಲ್ಲಿರುವ ‘ಫಿಗರ್’ ಎಂಬುದು ಸ್ಪರ್ಧಿಯು ತನ್ನ ಪಾದರಕ್ಷೆಯ ಅಂಚಿನಿಂದ ಮಂಜಿನ ಮೇಲೆ ಬರೆಯುತ್ತಿದ್ದ ವೃತ್ತಾಕೃತಿಗಳನ್ನು ಸೂಚಿಸುತ್ತದೆ. ಆ ಆಕೃತಿಗಳ ಶುದ್ಧಿಯನ್ನು ತೀರ್ಪುಗಾರರು ಬಗ್ಗಿ ನೋಡಿ ಅಂಕ ಕೊಡುತ್ತಿದ್ದರು. 1990ರ ನಂತರ ಅಂತರರಾಷ್ಟ್ರೀಯ ಐಸ್ ಸ್ಕೇಟಿಂಗ್ ಸ್ಪರ್ಧೆಗಳಿಂದ ಈ ಭಾಗವನ್ನು ಕೈಬಿಡಲಾಯಿತು. ಉಳಿದದ್ದು ಜಿಗಿತ, ಭ್ರಮಣ, ಹೆಜ್ಜೆಗಾರಿಕೆ ಮತ್ತು ಸಂಗೀತದೊಡನೆ ಅವುಗಳ ಹೊಂದಾಣಿಕೆ. ಇವುಗಳಿಗೆ ಆರು ಅಂಕಗಳ ಪರಮಾವಧಿಯಲ್ಲಿ ಒಟ್ಟಾರೆ ಬೆಲೆ ಕಟ್ಟುವ ಪದ್ಧತಿ ಬಹುಕಾಲ ನಡೆಯಿತು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ವಿಭಾಗದ ಚಿನ್ನ ರಷ್ಯದ ಜೋಡಿಗೆ ಸಂದಾಗ, ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡ ಹೇರಲಾಗಿತ್ತೆಂಬ ಆರೋಪ ಎದ್ದು, ಕೆನಡಾದ ಜೋಡಿಗೂ ಚಿನ್ನವನ್ನು ಕೊಟ್ಟು ಗದ್ದಲವನ್ನು ಶಮನಗೊಳಿಸಬೇಕಾಯಿತು. ಆ ಅವಮಾನದ ಫಲವಾಗಿ 2004ರಲ್ಲಿ ಹೊಸ ಅಂಕಪದ್ಧತಿ ಅಂಗೀಕೃತವಾಯಿತು. ಪ್ರತಿಯೊಂದು ಜಿಗಿತಕ್ಕೂ ಭ್ರಮಣಕ್ಕೂ ಮೊದಲೇ ಪ್ರಕಟಿಸಿದ ಮೂಲಬೆಲೆ. ಅದನ್ನು ಮಾಡಿದ ಗುಣಕ್ಕೆ ತಕ್ಕಂತೆ ಏರಿಳಿತ. ತೀರ್ಪುಗಾರರ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ. ದೋಷರಹಿತವೆಂದು ಯಾರೂ ಹೇಳಲಾರರು. ಆದರೆ ಕಲ್ಲು ಎಷ್ಟು ತೂಕದ್ದೆಂದು ತೂಗುವ ಮೊದಲೇ ಎಲ್ಲರಿಗೂ ತಿಳಿಯುವಂತಾಯಿತು.

ಹೀಗೆ ಸ್ಪರ್ಧೆಯ ಅಂಕಪದ್ಧತಿ ಸುಧಾರಿಸಿತು. ತಂಡದ ಆಯ್ಕೆ ಸುಧಾರಿಸಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದನ್ನು ವಾಚಕರು ಗಮನಿಸಬೇಕು. 2014ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಬಾಸ್ಟನ್ ನಗರದಲ್ಲಿ ನಡೆಯಿತು. ಮಹಿಳೆಯರ ವಿಭಾಗದಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಮೂರು ಸ್ಥಾನಗಳಿದ್ದವು. ಗ್ರೇಸಿ ಗೋಲ್ಡ್ ಮೊದಲನೆಯವರಾಗಿ, ಪೊಲಿನಾ ಎಡ್ಮಂಡ್ಸ್ ಎರಡನೆಯವರಾಗಿ, ಮಿರಾಯ್ ನಾಗಾಸು ಮೂರನೆಯವರಾಗಿ ಬಂದರು. ಹಿಂದಿನ ಎರಡು ವರ್ಷಗಳ ಚಾಂಪಿಯನ್ ಆಷ್ಲಿ ವ್ಯಾಗ್ನರ್ ಎಡವಿ ಬಿದ್ದು ನಾಲ್ಕನೆಯ ಸ್ಥಾನಕ್ಕಿಳಿದರು. ಆಯ್ಕೆ ಸಮಿತಿಯು ಮೂರನೆಯವರನ್ನು ಬಿಟ್ಟು ನಾಲ್ಕನೆಯವರನ್ನು ಕಳುಹಿಸಿತು. ಒಂದು ದಿನದ ಫಲಿತಾಂಶಕ್ಕಿಂತ ಒಂದು ವರ್ಷದ ಸಾಧನೆ ದೊಡ್ಡದೆಂಬುದು ಅವರ ಸಮರ್ಥನೆ. ನಿಯಮಗಳು ಸಮಿತಿಗೆ ಆ ಅಧಿಕಾರವನ್ನು ಕೊಟ್ಟಿದ್ದವು ಎಂಬುದೂ ನಿಜ. 2018ರಲ್ಲಿ ಪುರುಷರ ವಿಭಾಗದಲ್ಲಿಯೂ ಹೀಗೆಯೇ ಆಯಿತು: ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವರಾದ ರಾಸ್ ಮೈನರ್ ಮನೆಯಲ್ಲುಳಿದರು, ನಾಲ್ಕನೆಯವರಾದ ಆಡಮ್ ರಿಪ್ಪನ್ ತಂಡ ಸೇರಿದರು.

ವ್ಯಾಗ್ನರ್ ಅಯೋಗ್ಯರೆಂದು ಇಲ್ಲಿ ವಾದಿಸುತ್ತಿಲ್ಲ. ಅವರ ದಾಖಲೆ ಶ್ರೇಷ್ಠವಾಗಿತ್ತು. ಸೋಚಿಯಲ್ಲಿ ಏಳನೆಯ ಸ್ಥಾನವನ್ನೂ ತಂಡದ ಕಂಚನ್ನೂ ಪಡೆದರು. ಪ್ರಶ್ನೆ ಬೇರೆ. ಹಿಂದಿನ ವರ್ಷದ ಸಾಧನೆಗೆ ನೂರಕ್ಕೆ ಎಷ್ಟು ಪಾಲು, ಆ ದಿನದ ಸ್ಪರ್ಧೆಗೆ ಎಷ್ಟು ಪಾಲು ಎಂಬುದನ್ನು ಬಾಸ್ಟನ್ನಿನ ಅಂಗಣಕ್ಕಿಳಿಯುವ ಮುನ್ನವೇ ನಾಗಾಸುವಿಗೆ ಅಂಕಿಗಳಲ್ಲಿ ಹೇಳಿದ್ದರೆ, ಆಕೆ ತನ್ನ ಸೋಲನ್ನು ತಾನೇ ಲೆಕ್ಕ ಹಾಕಿಕೊಳ್ಳಬಹುದಿತ್ತು. ಹಾಗೆ ಹೇಳದೆ, ಫಲಿತಾಂಶ ಬಂದಮೇಲೆ ಯಾವುದು ದೊಡ್ಡದೆಂದು ತೀರ್ಮಾನಿಸಿದಾಗ, ತೀರ್ಮಾನ ಸರಿಯಿದ್ದರೂ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಮುಖ ನೋಡಿ ಮಣೆ ಹಾಕಿದರು ಎಂಬ ಮಾತಿಗೆ ಉತ್ತರ ಕೊಡಲು ಸಮಿತಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಾಗಾಸು ಮುಂದೆ 2018ರಲ್ಲಿ ತಂಡ ಸೇರಿ, ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಆಕ್ಸೆಲ್ ಎಂಬ ಕಠಿಣ ಜಿಗಿತವನ್ನು ಸಾಧಿಸಿದ ಮೊದಲ ಅಮೆರಿಕನ್ ಮಹಿಳೆ ಎನಿಸಿಕೊಂಡರು. ಅದು ಆಕೆಯ ಸಹನೆಯ ಹಿರಿಮೆ. 2014ರ ಪದ್ಧತಿಯ ಹಿರಿಮೆಯಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಮಂಜಿನ ಅಂಗಣಗಳನ್ನು ಬೆರಳಲ್ಲಿ ಎಣಿಸಬಹುದು. ಶಿಮ್ಲಾದ ತೆರೆದ ಅಂಗಣ ಚಳಿಗಾಲದಲ್ಲಿ ಮಾತ್ರ ಬಳಕೆಗೆ ಬರುತ್ತದೆ. ಡೆಹರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ಬಹುಕಾಲ ಮುಚ್ಚಿಕೊಂಡಿದ್ದು, 2025ರಲ್ಲಿ ಮತ್ತೆ ಸ್ಪರ್ಧೆಗಳನ್ನು ಕಂಡಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದು ಭಾರತದ ಪರವಾಗಿ ಸ್ಪರ್ಧಿಸುವ ತಾರಾ ಪ್ರಸಾದ್ ಅವರು 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ದೇಶವನ್ನು ಪ್ರತಿನಿಧಿಸಿದರು. ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಬೇಕಾದರೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ನಿಗದಿಪಡಿಸಿದ ಕನಿಷ್ಠ ತಾಂತ್ರಿಕ ಅಂಕವನ್ನು ಮೊದಲೇ ಗಳಿಸಿರಬೇಕು. ಈ ಅಂಕ ಎಲ್ಲರ ಮುಂದೆ ಪ್ರಕಟವಾಗಿರುತ್ತದೆ. ಇದೊಂದು ಒಳ್ಳೆಯ ಕಲ್ಲು: ಯಾರು ನೋಡಿದರೂ ಒಂದೇ ತೂಕ.

ಗಾಲಿಗಳ ಮೇಲಿನ ಕಲೆಯ ಚರಿತ್ರೆ ನಮಗೆ ಇನ್ನೂ ಹತ್ತಿರದ್ದು. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮ ಕಲಾತ್ಮಕ ರೋಲರ್ ಸ್ಕೇಟಿಂಗ್‌ನಲ್ಲಿ ಏಕವ್ಯಕ್ತಿ ವಿಭಾಗದ ಕಂಚನ್ನೂ, ಅವನಿ ಪಾಂಚಾಲ್ ಅವರೊಡನೆ ಜೋಡಿ ವಿಭಾಗದ ಕಂಚನ್ನೂ ಗೆದ್ದರು. 2015ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಹೈದರಾಬಾದು ರಾಯಚೂರಿಗೆ ಬೆಂಗಳೂರಿಗಿಂತ ಹತ್ತಿರ. ಮಂಜಿನ ಮೇಲೆ ಕೈಬಿಟ್ಟ ‘ಫಿಗರ್’ ವಿಭಾಗವು ಗಾಲಿಯ ಕಲೆಯಲ್ಲಿ ಇಂದಿಗೂ ಜೀವಂತವಾಗಿದೆ. ನೆಲದ ಮೇಲೆ ಬಣ್ಣದಿಂದ ಬರೆದ ವೃತ್ತಗಳನ್ನು ಸ್ಪರ್ಧಿ ಒಂದೇ ಪಾದದ ಮೇಲೆ ತಪ್ಪದೆ ಅನುಸರಿಸಬೇಕು. ಅದಕ್ಕೆ ಬೇಕಾದುದು ಸಮತಲವಾದ ನೆಲ, ಬಣ್ಣದ ಡಬ್ಬಿ, ಬಲ್ಲ ಗುರು ಮತ್ತು ತಾಳ್ಮೆ. ಇಂಥ ಕ್ರೀಡೆ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರಕ್ಕೆ ಏರುವ ಮೆಟ್ಟಿಲುಗಳಲ್ಲಿ ಪ್ರತಿಯೊಂದರ ಮೇಲೂ ಒಬ್ಬ ಆಯ್ಕೆದಾರ ನಿಂತಿರುತ್ತಾನೆ. ಅವನ ಕೈಯಲ್ಲಿರುವ ಕಲ್ಲು ಯಾವುದು?

ಕಲ್ಲು ಬದಲಾಗುವುದು ಹೇಗೆಂಬುದಕ್ಕೆ ನಮ್ಮ ದೇಶದ ಬೇರೆ ಕ್ರೀಡೆಗಳೇ ಸಾಕ್ಷಿ. 2019ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಅಥವಾ ಬೆಳ್ಳಿ ಗೆದ್ದ ಮಹಿಳಾ ಬಾಕ್ಸರುಗಳಿಗೆ ಮಾತ್ರ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ನೇರ ಪ್ರವೇಶವೆಂಬ ನೀತಿ ಪ್ರಕಟವಾಗಿತ್ತು. ಮೇರಿ ಕೋಮ್ ಕಂಚು ಗೆದ್ದು ಬಂದ ಮೇಲೆ ಅವರನ್ನೂ ನೇರವಾಗಿ ಕಳುಹಿಸುವ ಮಾತು ಕೇಳಿಬಂತು. ಆಗಿನ್ನೂ ಇಪ್ಪತ್ತಮೂರು ವರ್ಷದ ನಿಖತ್ ಜರೀನ್ ಕ್ರೀಡಾ ಸಚಿವರಿಗೆ ಪತ್ರ ಬರೆದು, ನ್ಯಾಯಯುತವಾದ ಒಂದು ಪಂದ್ಯವನ್ನಷ್ಟೇ ಬೇಡಿದರು. ದೇಶದ ಮಹಾ ಕ್ರೀಡಾಪಟುವಿಗೆ ಅಗೌರವ ತೋರಿದಳೆಂದು ಅನೇಕರು ಆಕೆಯನ್ನು ಹಳಿದರು. ಕೊನೆಗೆ ಡಿಸೆಂಬರಿನಲ್ಲಿ ಪಂದ್ಯ ನಡೆಯಿತು. ಮೇರಿ ಕೋಮ್ 9-1ರಿಂದ ಗೆದ್ದರು. ನಿಖತ್ ಸೋತರು, ಆದರೆ ಬೇಡಿದ್ದನ್ನು ಪಡೆದು ಸೋತರು. ಅದೇ ನಿಖತ್ 2022ರಲ್ಲಿಯೂ 2023ರಲ್ಲಿಯೂ ವಿಶ್ವ ಚಾಂಪಿಯನ್ ಆದರು.

2023ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕುಸ್ತಿಪಟುಗಳನ್ನು ಆರಿಸುವಾಗ ವಿನೇಶ್ ಫೋಗಟ್ ಮತ್ತು ಬಜರಂಗ್ ಪುನಿಯಾ ಅವರಿಗೆ ಆಯ್ಕೆ ಪಂದ್ಯದಿಂದ ವಿನಾಯಿತಿ ದೊರೆಯಿತು. ಆ ಇಬ್ಬರೂ ಅದಾಗಲೇ ಬೇರೊಂದು ಅನ್ಯಾಯದ ವಿರುದ್ಧ ಬೀದಿಯಲ್ಲಿ ಕುಳಿತವರು. ಅವರ ಆ ಹೋರಾಟ ಗೌರವಾರ್ಹವಾದುದು. ಆದರೆ ಅವರ ತೂಕದ ವಿಭಾಗದಲ್ಲಿದ್ದ ಅಂತಿಮ್ ಪಂಘಾಲ್ ಮತ್ತು ಸುಜೀತ್ ಕಲ್ಕಲ್ ಎಂಬ ಕಿರಿಯರಿಗೆ ಆ ವಿನಾಯಿತಿ ಬಾಗಿಲು ಮುಚ್ಚಿತು. ದೆಹಲಿ ಉಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ಜುಲೈಯಲ್ಲಿ ವಜಾ ಮಾಡಿತು. ವಿನೇಶ್ ಗಾಯಗೊಂಡು ಹಿಂದೆ ಸರಿದುದರಿಂದ ಅಂತಿಮ್ ಹಾಂಗ್‌ಝೌಗೆ ಹೋಗಿ ಕಂಚು ತಂದರು. ಅನ್ಯಾಯಕ್ಕೊಳಗಾದವರೂ ತಮ್ಮ ಪಾಲಿಗೆ ವಿಶೇಷ ಅಳತೆ ಬಂದಾಗ ಅದನ್ನು ಸ್ವೀಕರಿಸಬಲ್ಲರು. ಆದುದರಿಂದ ನ್ಯಾಯವನ್ನು ವ್ಯಕ್ತಿಗಳ ಒಳ್ಳೆಯತನಕ್ಕೆ ಒಪ್ಪಿಸದೆ ನಿಯಮಕ್ಕೆ ಒಪ್ಪಿಸಬೇಕು.

ನಮ್ಮ ನಾಡಿನದೇ ಒಂದು ಪ್ರಸಂಗ ಇನ್ನೂ ಬೋಧಪ್ರದವಾಗಿದೆ. ಬೆಂಗಳೂರಿನ ಟೇಬಲ್ ಟೆನಿಸ್ ಆಟಗಾರ್ತಿ ಅರ್ಚನಾ ಕಾಮತ್ ಅವರ ಹೆಸರು 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮೊದಲ ಪಟ್ಟಿಯಲ್ಲಿತ್ತು. ಪಟ್ಟಿಯಿಂದ ಹೊರಗುಳಿದಿದ್ದ ದಿಯಾ ಚಿತಳೆ ನ್ಯಾಯಾಲಯಕ್ಕೆ ಹೋದರು. ಅಂತಿಮ ಪಟ್ಟಿ ಬಂದಾಗ ದಿಯಾ ಒಳಗೆ, ಅರ್ಚನಾ ಹೊರಗೆ. ಈಗ ಅರ್ಚನಾ ನ್ಯಾಯಾಲಯಕ್ಕೆ ಹೋದರು. ಅವರ ಅರ್ಜಿ ವಜಾ ಆಯಿತು. ಮಣಿಕಾ ಬಾತ್ರಾ ಅವರೊಡನೆ ಡಬಲ್ಸ್‌ನಲ್ಲಿ ವಿಶ್ವದ ಅಗ್ರ ಜೋಡಿಗಳಲ್ಲೊಂದಾಗಿದ್ದವರನ್ನು ಬಿಟ್ಟದ್ದು ಸರಿಯೇ ಎಂದು ಕೆಲವರು ಕೇಳಿದರು. ಒಟ್ಟು ಅಂಕದಲ್ಲಿ ಮುಂದಿದ್ದವರನ್ನು ಬಿಡುವುದು ಸರಿಯೇ ಎಂದು ಇನ್ನು ಕೆಲವರು ಕೇಳಿದರು. ಆಗ ಬಳಕೆಯಲ್ಲಿದ್ದ ಮಾನದಂಡದಲ್ಲಿ ದೇಶೀಯ ಮತ್ತು ಅಂತರರಾಷ್ಟ್ರೀಯ ಸಾಧನೆಗಳಿಗೆ ಪಾಲು ಹಂಚಿ, ಶೇಕಡಾ 20ನ್ನು ಆಯ್ಕೆದಾರರ ವಿವೇಚನೆಗೆ ಬಿಡಲಾಗಿತ್ತು. ಆ ಇಪ್ಪತ್ತರ ಸುತ್ತಲೇ ಇಡೀ ಜಗಳ ತಿರುಗಿತು.

ಎರಡು ವರ್ಷಗಳ ನಂತರ ಚಕ್ರ ಹೊರಳಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಚನಾ ಆಯ್ಕೆಯಾದರು. ಅದೇ ವರ್ಷದ ಫೆಬ್ರವರಿಯಲ್ಲಿ ಬುಸಾನ್‌ನಲ್ಲಿ ವಿಶ್ವದ ಮೊದಲ ಕ್ರಮಾಂಕದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದ್ದ ಐಹಿಕಾ ಮುಖರ್ಜಿ ಮೀಸಲು ಆಟಗಾರ್ತಿಯಾದರು. ಈ ಸಲ ಹೊರಗುಳಿದವರ ಪರವಾಗಿ ಕೂಗೆದ್ದಿತು. ಪ್ಯಾರಿಸ್‌ನಲ್ಲಿ ಭಾರತದ ಮಹಿಳಾ ತಂಡ ಮೊತ್ತಮೊದಲ ಬಾರಿಗೆ ಎಂಟರ ಘಟ್ಟವನ್ನು ತಲಪಿತು. ಜರ್ಮನಿಯ ಎದುರು ಸೋತ ಆ ಪಂದ್ಯದಲ್ಲಿ ನಮ್ಮವರಿಗೆ ದಕ್ಕಿದ ಒಂದೇ ಗೆಲುವು ಅರ್ಚನಾ ಅವರದು. ‘ನೋಡಿ, ಆಯ್ಕೆ ಸರಿಯಾಗಿತ್ತು’ ಎಂದು ಹಲವರು ಬೀಗಿದರು.

ಇಂಥ ಬೀಗುವಿಕೆಯೇ ನನಗೆ ಆತಂಕ ತರುವುದು. ಗೆಲುವು ಆಯ್ಕೆಯ ನ್ಯಾಯಕ್ಕೆ ಪ್ರಮಾಣವಲ್ಲ. ಸೋಲು ಅನ್ಯಾಯಕ್ಕೆ ಪ್ರಮಾಣವಲ್ಲ. ತಪ್ಪು ತೂಕದ ಕಲ್ಲಿನಿಂದ ತೂಗಿದ ಧಾನ್ಯವೂ ಒಳ್ಳೆಯ ಅನ್ನವಾಗುತ್ತದೆ. ಅಷ್ಟರಿಂದ ಕಲ್ಲು ಶುದ್ಧವಾಗುವುದಿಲ್ಲ. ಒಬ್ಬಳೇ ಆಟಗಾರ್ತಿ ಒಮ್ಮೆ ಆಯ್ಕೆಯಿಂದ ನೊಂದವಳಾಗಿ, ಇನ್ನೊಮ್ಮೆ ಆಯ್ಕೆಯಿಂದ ಲಾಭ ಪಡೆದವಳಾಗಿ ಕಾಣಿಸಿಕೊಂಡಾಗ, ಆಕೆಯಲ್ಲಿ ಬದಲಾದುದು ಏನೂ ಇಲ್ಲದಿರಬಹುದು. ತಕ್ಕಡಿಯ ಮೇಲೆ ಸಂಶಯ ಉಳಿದರೆ ಹೊರಗುಳಿದವಳಿಗೆ ನೋವು, ಒಳಗೆ ಬಂದವಳಿಗೆ ಕಳಂಕ. ಅಸ್ಪಷ್ಟ ಮಾನದಂಡವು ಯೋಗ್ಯರನ್ನು ಹೊರಗಿಡುವುದಲ್ಲದೆ, ಒಳಗೆ ಬಂದ ಯೋಗ್ಯರ ಯೋಗ್ಯತೆಯನ್ನೂ ಕದಿಯುತ್ತದೆ.

ವಿವೇಚನೆಯ ಪರವಾದ ವಾದವನ್ನು ಪೂರ್ತಿಯಾಗಿ ಕೇಳೋಣ. ಯಾಂತ್ರಿಕವಾಗಿ ಅಂಕ ಕೂಡಿಸುವುದು ಗುಮಾಸ್ತನ ಕೆಲಸ. ಆಟವನ್ನು ಬಲ್ಲವರು ಆಟಗಾರನ ಜ್ವರವನ್ನು, ಗಾಯವನ್ನು, ಎದುರಾಳಿಯ ಶೈಲಿಯನ್ನು, ಒತ್ತಡದಲ್ಲಿ ನಿಲ್ಲುವ ಗುಣವನ್ನು ನೋಡಬಲ್ಲರು. ಅವರ ಕೈಕಟ್ಟಿದರೆ ದೇಶಕ್ಕೆ ನಷ್ಟ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ. ಹಾಗಾದರೆ ವಿವೇಚನೆಗೆ ಒಂದು ಪಾಲನ್ನು ಕೊಡಲಿ. ಆದರೆ ಆ ಪಾಲು ಎಷ್ಟೆಂದು ಮೊದಲೇ ಹೇಳಲಿ, ಯಾವ ಯಾವ ಕಾರಣಗಳಿಗೆ ಅದನ್ನು ಬಳಸಬಹುದೆಂದು ಪಟ್ಟಿ ಮಾಡಲಿ, ಬಳಸಿದಾಗ ಕಾರಣವನ್ನು ಬರೆದು ಸಹಿ ಮಾಡಲಿ. ಕಾರಣವನ್ನು ಬರೆಯಲು ಒಪ್ಪದ ವಿವೇಚನೆಗೆ ನಮ್ಮ ಹಿರಿಯರು ಬೇರೆ ಹೆಸರಿಟ್ಟಿದ್ದಾರೆ, ಅದು ಪಕ್ಷಪಾತ. ಇನ್ನು ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ಆಮೇಲೆ ಮಕ್ಕಳನ್ನು ದೂರದೂರುಗಳಿಂದ ಕರೆಸಿ ನಡೆಸುವ ಟ್ರಯಲ್ಸ್ ಎಂಬುದು ಐದನೆಯ ಅತಿಚಾರವಾದ ‘ಪ್ರತಿರೂಪಕ ವ್ಯವಹಾರ’ಕ್ಕೆ ತಕ್ಕ ದೃಷ್ಟಾಂತ. ಅಸಲಿಯೆಂದು ತೋರಿಸಿ ನಕಲಿಯನ್ನು ಮಾರುವುದು ಅದು.

ಇಲ್ಲಿಯವರೆಗೆ ತೂಕದ ಕಲ್ಲಿನ ಮಾತಾಯಿತು. ತಕ್ಕಡಿಯನ್ನು ಎಲ್ಲಿ ನೇತುಹಾಕಲಾಗಿದೆ ಎಂಬುದು ಅಷ್ಟೇ ಮುಖ್ಯ. ಕಲ್ಲು ಎಷ್ಟೇ ಶುದ್ಧವಾಗಿರಲಿ, ತಕ್ಕಡಿಯ ಬಳಿಗೆ ಬರಲಾರದವನ ಧಾನ್ಯ ತೂಗಲ್ಪಡುವುದೇ ಇಲ್ಲ. ದೇವದುರ್ಗ, ಮಾನ್ವಿ ಎರಡೂ ತಾಲ್ಲೂಕುಗಳ ಮಗುವಿಗೆ ರಾಯಚೂರು ನಗರವೇ ಒಂದು ದಿನದ ಕೆಲಸ; ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರಿಗೂ ಮಿಕ್ಕ ದಾರಿ, ಒಂದು ರಾತ್ರಿಯ ರೈಲು ಪ್ರಯಾಣ. ಬೆಳಗಿನ ಟ್ರಯಲ್ಸ್‌ಗೆ ಬೆಂಗಳೂರಿನ ಮಗು ಮನೆಯಲ್ಲಿ ಮಲಗಿ ಎದ್ದು ಬರುತ್ತದೆ. ದೇವದುರ್ಗದ ಮಗು ತಾಯಿಯೊಡನೆ ರೈಲಿನ ಬೋಗಿಯಲ್ಲಿ ಕುಳಿತು ಬಂದು, ಊತ ಇಳಿಯದ ಪಾದಗಳನ್ನು ಸ್ಕೇಟಿನೊಳಗೆ ತೂರಿಸುತ್ತದೆ. ಇಬ್ಬರಿಗೂ ಒಂದೇ ಅಂಕಪತ್ರ. ಇದನ್ನು ಸಮಾನತೆಯೆಂದು ಕರೆಯಲು ನಾಲಗೆ ಏಳದು.

ನಮ್ಮ ಭಾಗದ ಹಿಂದುಳಿದಿರುವಿಕೆ ಕಲ್ಪಿತ ದೂರಲ್ಲ. ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಆ ಪಟ್ಟಿಯಲ್ಲಿದೆ. ಈ ಅಸಮತೋಲನದ ಅರಿವಿನಿಂದಲೇ ಸಂವಿಧಾನಕ್ಕೆ 371(ಜೆ) ವಿಧಿ ಸೇರ್ಪಡೆಯಾಗಿ, 2013ರಿಂದ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆಯಿತು. ನೆಲ ಏರುಪೇರಾಗಿರುವಾಗ ಒಂದೇ ಗೆರೆಯಿಂದ ಓಡಿಸುವುದು ನ್ಯಾಯವಲ್ಲ ಎಂಬ ತತ್ತ್ವವನ್ನು ಸಂವಿಧಾನವೇ ಒಪ್ಪಿಕೊಂಡಿದೆ. ಕ್ರೀಡಾ ಸಂಸ್ಥೆಗಳು ಅದನ್ನು ಒಪ್ಪಲು ಏಕೆ ಹಿಂಜರಿಯಬೇಕು?

ಹಾಗೆಂದು ರಾಷ್ಟ್ರೀಯ ತಂಡದಲ್ಲಿ ಜಿಲ್ಲೆಗೊಂದು ಮೀಸಲು ಸ್ಥಾನವನ್ನು ಕೇಳುತ್ತಿಲ್ಲ. ಕೊನೆಯ ಅಂಗಣದಲ್ಲಿ ಎಲ್ಲರಿಗೂ ಒಂದೇ ಕಲ್ಲು ಇರಬೇಕು. ಇಲ್ಲದಿದ್ದರೆ ಗೆದ್ದ ಮಗುವಿಗೇ ಗೆಲುವಿನಲ್ಲಿ ನಂಬಿಕೆ ಇರದು. ಕೇಳುತ್ತಿರುವುದು ಆ ಅಂಗಣಕ್ಕೆ ಏರುವ ಮೆಟ್ಟಿಲನ್ನು. ಮೆಟ್ಟಿಲಿದ್ದರೆ ಏರುವವರಿದ್ದಾರೆ. ರಾಜ್ಯ ಕ್ರಿಕೆಟ್ ಸಂಸ್ಥೆಯು ರಾಯಚೂರನ್ನು ಒಂದು ವಲಯವಾಗಿ ಇಟ್ಟುಕೊಂಡು ಅಲ್ಲಿಯೇ ಪಂದ್ಯಗಳನ್ನು ನಡೆಸುತ್ತದೆ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರೈಲ್ವೇಸ್ ತಂಡದ ಆಧಾರಸ್ತಂಭವಾಗಿ 2001-02ರ ರಣಜಿ ಟ್ರೋಫಿಯ ಗೆಲುವಿನಲ್ಲಿ ಪಾಲುಗೊಂಡರು, ಮುಂದೆ ಕರ್ನಾಟಕದ ಪರವಾಗಿಯೂ ಆಡಿದರು. ಬಿಸಿಲನಾಡಿನ ಮಕ್ಕಳಿಗೆ ಕಸುವಿಲ್ಲವೆಂದು ಹೇಳುವವರು ಇದನ್ನು ನೆನೆಯಬೇಕು.

ಆದುದರಿಂದ ಸ್ಕೇಟಿಂಗ್ ಇರಲಿ, ಬೇರಾವುದೇ ಕ್ರೀಡೆಯಿರಲಿ, ಪ್ರತಿಯೊಂದು ಸಂಸ್ಥೆಯಿಂದ ನಾವು ಕೇಳಬೇಕಾದ ಸಂಗತಿಗಳು ಸರಳವಾಗಿವೆ. ಆಯ್ಕೆಯ ಮಾನದಂಡವನ್ನು ಋತುವಿನ ಆರಂಭದಲ್ಲಿಯೇ, ಕನ್ನಡದಲ್ಲಿ, ಜಿಲ್ಲೆ ಜಿಲ್ಲೆಗೂ ತಲಪುವಂತೆ ಪ್ರಕಟಿಸಬೇಕು. ಪ್ರಕಟಿಸಿದ ಮೇಲೆ ಆ ಋತು ಮುಗಿಯುವವರೆಗೆ ಬದಲಿಸಬಾರದು. ಹಿಂದಿನ ಸಾಧನೆ, ಟ್ರಯಲ್ಸ್, ವಿವೇಚನೆ ಇವುಗಳ ಪಾಲನ್ನು ಅಂಕಿಗಳಲ್ಲಿ ಹೇಳಬೇಕು. ಸ್ಪರ್ಧಿಸುವ ಮಗುವಿನ ತರಬೇತುದಾರನೋ ಬಂಧುವೋ ತೀರ್ಪುಗಾರರ ಪೀಠದಿಂದ ಏಳಬೇಕು. ಚಿಕ್ಕ ಕ್ರೀಡೆಗಳಲ್ಲಿ ಗುರುವೇ ತೀರ್ಪುಗಾರನಾಗುವ ಸಂಭವ ಹೆಚ್ಚು. ಅಂಕಪತ್ರವನ್ನು ಅಂದೇ ಮಗುವಿನ ಕೈಗೆ ಕೊಡಬೇಕು. ಮೇಲ್ಮನವಿಯನ್ನು ಆಯ್ಕೆ ಮಾಡಿದವರಲ್ಲದ ಬೇರೆಯವರು ಕೇಳಬೇಕು. ಟ್ರಯಲ್ಸ್ ವರ್ಷಕ್ಕೊಮ್ಮೆಯಾದರೂ ಕಲಬುರಗಿ, ಬಳ್ಳಾರಿ, ರಾಯಚೂರುಗಳಲ್ಲಿ ಸರದಿಯಂತೆ ನಡೆಯಬೇಕು. ಸಂಸತ್ತು 2025ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಕ್ರೀಡಾ ವಿವಾದಗಳಿಗೆ ಪ್ರತ್ಯೇಕ ನ್ಯಾಯಮಂಡಳಿಯನ್ನು ವಿಧಿಸಿದೆ. ಅದು ಸ್ವಾಗತಾರ್ಹ. ಆದರೆ ಮಾನದಂಡವೇ ಬರಹದಲ್ಲಿಲ್ಲದಿದ್ದರೆ ನ್ಯಾಯಮಂಡಳಿ ಯಾವುದನ್ನು ಹಿಡಿದು ನ್ಯಾಯ ಹೇಳೀತು?

ಈ ಬೇಡಿಕೆಗಳನ್ನು ಮುಂದಿಡುವ ಮೊದಲು ನಾವು ನಮ್ಮ ಕೈಗಳನ್ನು ನೋಡಿಕೊಳ್ಳುವುದು ಯುಕ್ತ. ಆಯ್ಕೆದಾರನು ಗಾಳಿಯಲ್ಲಿ ಕೆಡುವುದಿಲ್ಲ. ಅವನ ಮನೆಬಾಗಿಲಿಗೆ ಶಿಫಾರಸಿನ ಪತ್ರವನ್ನು ಒಯ್ಯುವವರು ತಂದೆತಾಯಿಗಳು. ಕಿರಿಯರ ವಿಭಾಗದಲ್ಲಿ ಆಡಿಸುವುದಕ್ಕಾಗಿ ಮಗನ ಹುಟ್ಟಿದ ವರ್ಷವನ್ನು ತಿದ್ದಿಸುವವರೂ ತಂದೆತಾಯಿಗಳೇ. ನಮ್ಮ ಮಗುವಿಗೆ ಸ್ಥಾನ ದೊರೆತರೆ ಅದು ವಿವೇಚನೆ, ನೆರೆಯವನ ಮಗುವಿಗೆ ದೊರೆತರೆ ಅದು ಪ್ರಭಾವ. ಇದು ಕೂಡ ಎರಡು ಕಲ್ಲುಗಳ ವ್ಯಾಪಾರವೇ. ಶಿಫಾರಸಿನಿಂದ ಬಂದ ಸ್ಥಾನವು ಹೆಸರು ತಿಳಿಯದ ಇನ್ನೊಂದು ಮಗುವಿನದು, ಕೊಡದೆ ತೆಗೆದುಕೊಂಡದ್ದು. ‘ಅದತ್ತಾದಾನ’ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಬೇಕೆ? ಬಸದಿಯಲ್ಲಿ ಅಣುವ್ರತಗಳ ಪ್ರವಚನ ಕೇಳಿ, ಸಂಜೆ ದೂರವಾಣಿಯಲ್ಲಿ ‘ನಮ್ಮ ಹುಡುಗನನ್ನು ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳುವವನಿಗೆ ಆ ಪ್ರವಚನ ಕಿವಿಯಲ್ಲಿಯೇ ನಿಂತಿತೆಂದೇ ಅರ್ಥ.

ಟ್ರಸ್ಟುಗಳ ಹೊಣೆಯೂ ಸಣ್ಣದಲ್ಲ. ಅನೇಕ ಟ್ರಸ್ಟುಗಳು ವಿದ್ಯಾರ್ಥಿವೇತನ ಕೊಡುತ್ತವೆ, ಶಾಲೆ ನಡೆಸುತ್ತವೆ, ಕ್ರೀಡಾಕೂಟಗಳಿಗೆ ಬಹುಮಾನ ಪ್ರಾಯೋಜಿಸುತ್ತವೆ. ದಾನ ಪಡೆಯುವ ಕ್ರೀಡಾ ಸಂಸ್ಥೆಗೆ ‘ನಿಮ್ಮ ಆಯ್ಕೆಯ ಮಾನದಂಡದ ಪ್ರತಿಯನ್ನು ಮೊದಲು ಕೊಡಿ’ ಎಂದು ಕೇಳುವ ಅಧಿಕಾರ ದಾನಿಗೆ ಇದೆ, ಕೇಳಬೇಕು. ಹಾಗೆ ಕೇಳುವ ಧೈರ್ಯ ಬರಬೇಕಾದರೆ ನಮ್ಮ ವಿದ್ಯಾರ್ಥಿವೇತನದ ಮಾನದಂಡವೂ ಬಸದಿಯ ಫಲಕದ ಮೇಲೆ ಅರ್ಜಿ ಕರೆಯುವ ಮುನ್ನವೇ ಅಂಟಿಸಿರಬೇಕು. ಟ್ರಸ್ಟಿಯ ಬಂಧು ಅರ್ಜಿ ಹಾಕಿದರೆ ಆ ಟ್ರಸ್ಟಿ ಸಭೆಯಿಂದ ಎದ್ದು ಹೊರಗೆ ಹೋಗಿರಬೇಕು. ಇನ್ನೊಂದು ಸಣ್ಣ ಕಾರ್ಯ ನಮ್ಮ ಕೈಯಲ್ಲಿದೆ. ಮದುವೆಯ ಋತು ಕಳೆದ ಮೇಲೆ ಬೀಗ ಹಾಕಿಡುವ ಸಭಾಭವನಗಳ ನಯವಾದ ನೆಲವನ್ನು ಬೆಳಗಿನ ಎರಡು ಗಂಟೆಗಳ ಕಾಲ ಊರಿನ ಮಕ್ಕಳಿಗೆ, ಯಾರ ಮಕ್ಕಳೆಂದು ಕೇಳದೆ, ಅಭ್ಯಾಸಕ್ಕೆ ಬಿಟ್ಟುಕೊಡಬಹುದು. ನೆಲಕ್ಕೆ ಗೀರು ಬಿದ್ದೀತೆಂಬ ಭಯಕ್ಕೆ ಕಂಬಳಿಯಷ್ಟು ಮುನ್ನೆಚ್ಚರಿಕೆ ಸಾಕು. ಮಗುವಿನ ಹತ್ತು ವರ್ಷಗಳು ವ್ಯರ್ಥವಾದರೆ ಅದನ್ನು ಉಜ್ಜಿ ಸರಿಪಡಿಸಲಾಗದು.

‘ಊರಲ್ಲಿ ನಾಲ್ಕು ಮಕ್ಕಳು ಆಡುವ ಆಟಕ್ಕೆ ಇಷ್ಟು ಮಾತೇಕೆ?’ ಎಂದು ಯಾರಾದರೂ ಕೇಳಿದರೆ, ತೂಕದ ಕಲ್ಲನ್ನು ಪರೀಕ್ಷಿಸುವ ಅಧಿಕಾರಿಯು ಧಾನ್ಯದ ರಾಶಿ ದೊಡ್ಡದೋ ಚಿಕ್ಕದೋ ಎಂದು ನೋಡುವುದಿಲ್ಲ ಎಂದೇ ಉತ್ತರ. ನಾಲ್ಕು ಮಕ್ಕಳನ್ನು ನ್ಯಾಯವಾಗಿ ಅಳೆಯಲಾರದ ಸಮಾಜ ನಾಲ್ಕು ಸಾವಿರ ಅರ್ಜಿಗಳನ್ನು ನ್ಯಾಯವಾಗಿ ಅಳೆಯುವುದೆಂದು ನಂಬಲು ಕಾರಣವಿಲ್ಲ. ಮುಂದಿನ ಋತುವಿನ ಟ್ರಯಲ್ಸ್‌ಗೆ ಮುನ್ನ ನಿಮ್ಮ ಜಿಲ್ಲೆಯ ಕ್ರೀಡಾ ಸಂಸ್ಥೆಗೆ ಒಂದು ಪತ್ರ ಬರೆದು ಮಾನದಂಡದ ಪ್ರತಿಯನ್ನು ಕೇಳಿರಿ. ಕೊಟ್ಟರೆ ಮಕ್ಕಳಿಗೆ ಓದಿ ಹೇಳಿರಿ. ಕೊಡದಿದ್ದರೆ ಏಕೆ ಕೊಡಲಿಲ್ಲವೆಂದು ಇನ್ನೊಂದು ಪತ್ರ ಬರೆಯಿರಿ.